ನೀವು ಕೇಳಿದ್ದು: 1453ರಲ್ಲಿ ಬಾಗಿಲು ಮುಚ್ಚಿದ್ದು ಯಾರಿಗೆ?

ಹೋದ ಸಂಚಿಕೆಯಲ್ಲಿ ಒಬ್ಬರು ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್, ಆಗ ಗ್ರೀಕ್ ಕ್ರೈಸ್ತರ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ) ಯಾವಾಗ ಬಿದ್ದದ್ದು ಅಂತ ಕೇಳಿದ್ರು, ನಾನು "1453ರ ಮೇ 29, ಹಿಡಿದವನು ಒಟ್ಟೋಮನ್ ಸುಲ್ತಾನ ಎರಡನೇ ಮೆಹಮದ್" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೆ. ಅಷ್ಟಕ್ಕೇ ಕಾಗದ, ವಾಟ್ಸಾಪ್, ವಾಯ್ಸ್ ಮೆಸೇಜ್ ಎಲ್ಲ ಶುರು. ಹಾಗಾಗಿ ಈ ಸಲದ ಪುಟ ಪೂರ್ತಿ ಆ ಒಂದು ವರ್ಷಕ್ಕೇ ಬಿಟ್ಟಿದ್ದೇನೆ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಸುಧಾರಿಸಿಕೊಳ್ಳಿ.

ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ಸಾಂಬಾರ ಪದಾರ್ಥದ ದಾರಿ ಬಂದ್ ಮಾಡಿದ್ರು, ಅದಕ್ಕೇ ಪೋರ್ಚುಗೀಸರು ಸಮುದ್ರದ ದಾರಿ ಹುಡುಕಿ ನಮ್ಮ ಕಡೆ ಬಂದ್ರು ಅಂತ ಪಾಠದಲ್ಲಿ ಉಂಟು. ಇದು ಸರಿಯಾ? — ಪಿಯುಸಿ ವಿದ್ಯಾರ್ಥಿನಿ, ಸುರತ್ಕಲ್

ಪರೀಕ್ಷೆಯಲ್ಲಿ ಪಾಠದಲ್ಲಿದ್ದದ್ದನ್ನೇ ಬರಿ ತಂಗಿ, ಮಾರ್ಕ್ ಹೋಗುದು ಬೇಡ. ಪರೀಕ್ಷೆ ಮುಗಿದ ಮೇಲೆ ಒಂದು ಮ್ಯಾಪ್ ತೆಗೆದು ನೋಡು.

ನಮ್ಮ ಕರಾವಳಿಯ ಒಳ್ಳೆಮೆಣಸು ಆಗ ಯುರೋಪಿಗೆ ಹೋಗ್ತಿದ್ದದ್ದು ಹೇಗೆ ಅಂದ್ರೆ, ಕಲ್ಲಿಕೋಟೆಯಂಥ ಬಂದರಲ್ಲಿ ಹಡಗು ಹತ್ತಿ ಅರಬ್ಬಿ ಸಮುದ್ರ ದಾಟಿ ಏಡನ್, ಅಲ್ಲಿಂದ ಕೆಂಪು ಸಮುದ್ರದಲ್ಲಿ ಜೆಡ್ಡಾ, ಆಮೇಲೆ ಒಂಟೆ ಮೇಲೆ ಕೈರೋ, ನೈಲ್ ನದಿಯಲ್ಲಿ ದೋಣಿ ಹಿಡಿದು ಅಲೆಕ್ಸಾಂಡ್ರಿಯಾ, ಅಲ್ಲಿ ಕಾಯ್ತಾ ನಿಂತಿರುವ ವೆನಿಸಿನವರ ಹಡಗಿಗೆ ಲೋಡ್. ಇನ್ನೊಂದು ದಾರಿ ಡಮಾಸ್ಕಸ್ ಮೇಲೆ ಬೈರೂತಿಗೆ. ಈಜಿಪ್ಟ್, ಸಿರಿಯಾ ಎರಡೂ ಕೈರೋದ ಮಾಮ್ಲೂಕ್ ಸುಲ್ತಾನರ ಕೈಯಲ್ಲಿ ಇದ್ದದ್ದು. ಕಾನ್‌ಸ್ಟಾಂಟಿನೋಪಲ್ ಎಲ್ಲಿ ಬರ್ತದೆ ಇದರಲ್ಲಿ? ಅದು ಮೇಲೆ ಉತ್ತರದಲ್ಲಿ, ಕಪ್ಪು ಸಮುದ್ರದ ಬಾಯಿಯಲ್ಲಿ. ಅಲ್ಲಿ ಓಡಾಡ್ತಿದ್ದದ್ದು ಹೆಚ್ಚಾಗಿ ಗೋಧಿ, ತುಪ್ಪಳ, ರೇಷ್ಮೆ, ಮತ್ತೆ ಹೇಳ್ಲಿಕ್ಕೇ ಬೇಜಾರು, ಮಾರಾಟಕ್ಕಿಟ್ಟ ಮನುಷ್ಯರು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯ್ತು ಅಂತ ಕುಂದಾಪುರದಿಂದ ಶಿವಮೊಗ್ಗಕ್ಕೆ ಹೊರಟವನು ತಲೆಬಿಸಿ ಮಾಡ್ತಾನಾ? ಅವನ ದಾರಿಯೇ ಬೇರೆ ಅಲ್ವಾ.

1453 ಆದ ಮೇಲೂ ವೆನಿಸಿನ ಹಡಗುಗಳು ಅಲೆಕ್ಸಾಂಡ್ರಿಯಾಕ್ಕೆ, ಬೈರೂತಿಗೆ ಹೋಗ್ತಾನೇ ಇದ್ವು, ಮೆಣಸು ತರ್ತಾನೇ ಇದ್ವು. ಮೆಣಸಿನ ರೇಟ್ ಹಾರಿ ಹೋಯ್ತು ಅಂತ ಹೇಳುವ ಹಾಗೂ ಇಲ್ಲ, ಆ ಕಾಲದ ಲೆಕ್ಕ ತೆಗೆದು ನೋಡಿ ಒಬ್ಬ ಅಮೆರಿಕನ್ ಪ್ರೊಫೆಸರ್ 1915ರಲ್ಲೇ ಈ ಕಥೆಯನ್ನು ಪ್ರಶ್ನೆ ಮಾಡಿ ಆಗಿದೆ, ಆದ್ರೆ ಪಠ್ಯಪುಸ್ತಕದವರಿಗೆ ಸುದ್ದಿ ಮುಟ್ಟಲಿಲ್ಲ ಅಂತ ಕಾಣ್ತದೆ. ವೆನಿಸಿನವರಿಗೆ ನಿಜವಾಗಿ ಉರಿ ಹತ್ತಿದ್ದದ್ದು ಅದಕ್ಕಿಂತ ಮೊದಲು, 1420ರ ದಶಕದಲ್ಲಿ, ಕೈರೋದ ಸುಲ್ತಾನ ಬರ್ಸ್‌ಬಾಯ್ ಮೆಣಸಿನ ವ್ಯಾಪಾರ ಪೂರ್ತಿ ತನ್ನ ಕೈಗೆ ತಗೊಂಡು ನಾನು ಹೇಳಿದ್ದೇ ರೇಟು ಅಂತ ಕೂತಾಗ.

ಒಟ್ಟೋಮನರು ಈ ಮೆಣಸಿನ ದಾರಿಯನ್ನು ನಿಜಕ್ಕೂ ಕೈಗೆ ತಗೊಂಡದ್ದು ಯಾವಾಗ ಗೊತ್ತುಂಟಾ? 1516ರಲ್ಲಿ ಸಿರಿಯಾ, 1517ರಲ್ಲಿ ಕೈರೋ. ಅಷ್ಟೊತ್ತಿಗೆ ವಾಸ್ಕೋ ಡ ಗಾಮ ಬಂದು ಹೋಗಿ 18 ವರ್ಷ ಮೇಲಾಗಿತ್ತು, ಪೋರ್ಚುಗೀಸರು ಗೋವಾ ಹಿಡಿದು 7 ವರ್ಷ ಆಗಿತ್ತು. ಹಿಂದೆ ಹೋಗಿ ನೋಡಿದ್ರೂ ಅಷ್ಟೇ, ಪೋರ್ಚುಗೀಸರು ಆಫ್ರಿಕಾದ ಸಿಯೂಟ ಹಿಡಿದದ್ದು 1415, ಬೊಜದೋರ್ ಭೂಶಿರ ದಾಟಿದ್ದು 1434, ಅಂದ್ರೆ ಕಾನ್‌ಸ್ಟಾಂಟಿನೋಪಲ್ ಗೋಡೆ ಗಟ್ಟಿಯಾಗಿ ನಿಂತಿರುವಾಗಲೇ ಇವರ ಹಡಗು ದಕ್ಷಿಣಕ್ಕೆ ಇಳಿಯಲಿಕ್ಕೆ ಶುರು ಮಾಡಿ ಆಗಿತ್ತು. ಮೊದಲು ಬೇಕಾದದ್ದು ಆಫ್ರಿಕಾದ ಚಿನ್ನ, ಆಮೇಲೆ ಗುಲಾಮರು, ಜೊತೆಗೆ ಮುಸ್ಲಿಮರ ಮೇಲೆ ಧರ್ಮಯುದ್ಧದ ಹುಮ್ಮಸ್ಸು. ಮೆಣಸಿನ ಆಸೆ ಬಲವಾದದ್ದು ಇನ್ನೂ ಆಮೇಲೆ, ಕೈರೋದವರು ವೆನಿಸಿನವರು ಸೇರಿ ಮಧ್ಯದಲ್ಲಿ ತಿನ್ನುವ ಲಾಭ ನಮಗೇ ಸಿಗಲಿ ಅಂತ.

ಹಾಗಂತ 1453ರಿಂದ ಯಾರಿಗೂ ಪೆಟ್ಟು ಬೀಳಲಿಲ್ಲ ಅಂತ ಅಲ್ಲ. ಪೆಟ್ಟು ಬಿದ್ದದ್ದು ಜಿನೋವಾದವರಿಗೆ. ಕಪ್ಪು ಸಮುದ್ರದ ವ್ಯಾಪಾರ ಹೆಚ್ಚಿನಂಶ ಅವರದ್ದೇ, ಬಾಗಿಲ ಕೀಲಿ ಈಗ ಸುಲ್ತಾನನ ಹತ್ರ. ಕ್ರಿಮಿಯಾದಲ್ಲಿದ್ದ ಅವರ ದೊಡ್ಡ ಪೇಟೆ ಕಾಫಾ 1475ರಲ್ಲಿ ಹೋಯ್ತು. ಆದ್ರೂ ಕಾನ್‌ಸ್ಟಾಂಟಿನೋಪಲ್ ಬಿದ್ದು ಮೂರೇ ದಿನಕ್ಕೆ, 1453ರ ಜೂನ್ 1ಕ್ಕೇ, ಎದುರು ದಡದ ಗಲಾಟಾದಲ್ಲಿದ್ದ ಜಿನೋವಾ ವ್ಯಾಪಾರಿಗಳಿಗೆ ಸುಲ್ತಾನ ಅಭಯಪತ್ರ ಕೊಟ್ಟ, ವ್ಯಾಪಾರ ಮಾಡಿ, ಕೋಟೆ ಮಾತ್ರ ಕೆಡವಿ ಅಂತ. ಯುದ್ಧದಲ್ಲಿ ಎದುರು ನಿಂತು ಹೋರಾಡಿದ ವೆನಿಸಿನವರೂ 1454ರ ಏಪ್ರಿಲಿಗೆ ಒಪ್ಪಂದ ಮಾಡ್ಕೊಂಡು ವಾಪಸ್ ಅಂಗಡಿ ತೆರೆದ್ರು.

ಹಡಗುಗಳನ್ನು ಗುಡ್ಡ ಹತ್ತಿಸಿ ಇಳಿಸಿದ್ರು ಅಂತ ಯೂಟ್ಯೂಬಲ್ಲಿ ನೋಡಿದೆ. ರೀಲಿಗೆ ಮಾಡಿದ ಕಥೆಯಾ ನಿಜವಾ? — ಬೋಟ್ ಮಾಲೀಕರು, ಮಲ್ಪೆ

ನಿಜ ಮಾರಾಯ್ರೆ. ಊರಿನ ಉತ್ತರಕ್ಕೆ ಗೋಲ್ಡನ್ ಹಾರ್ನ್ ಅಂತ ಉದ್ದದ ಅಳಿವೆ ಉಂಟು, ಅದರ ಬಾಯಿಗೆ ಆ ಕಡೆಯಿಂದ ಈ ಕಡೆಗೆ ದಪ್ಪ ಕಬ್ಬಿಣದ ಸರಪಳಿ ಎಳೆದು ಕಟ್ಟಿದ್ರು, ಒಳಗೆ ತುರ್ಕರ ಒಂದು ದೋಣಿಯೂ ಬರದ ಹಾಗೆ. ಆ ಬದಿಯ ಗೋಡೆಗೆ ಹಾಗಾಗಿ ಹೆಚ್ಚು ಜನ ಬೇಡ ಅಂತ ಲೆಕ್ಕ. ಮೆಹಮದ್ ಎಂತ ಮಾಡಿದ ಅಂದ್ರೆ ಗಲಾಟಾದ ಹಿಂದಿನ ಗುಡ್ಡದ ಮೇಲೆ ದಾರಿ ಕಡಿಸಿ, ಮರದ ದಿಮ್ಮಿ ಹಾಸಿ, ಅದಕ್ಕೆ ಕೊಬ್ಬು ಸವರಿ, ಏಪ್ರಿಲ್ 22ಕ್ಕೆ ಸುಮಾರು 70 ಹಡಗನ್ನು ಎತ್ತು ಮತ್ತು ಆಳು ಕಟ್ಟಿ ಎಳೆಸಿ ಆಚೆ ಬದಿ ನೀರಿಗೆ ಇಳಿಸಿಬಿಟ್ಟ. ಇವು ಸಮುದ್ರ ದಾಟುವ ಭಾರೀ ಹಡಗುಗಳಲ್ಲ, ಹುಟ್ಟು ಹಾಕುವ ಸಣ್ಣವು. ಸಣ್ಣದಾದ್ರೂ ಅಷ್ಟು ನೋಡಿದ್ದೇ ಒಳಗಿನವರ ಎದೆ ಒಡೀತು, ಯಾಕೆಂದ್ರೆ ಇದ್ದ ಬೆರಳೆಣಿಕೆ ಜನರನ್ನು ಈಗ ಆ ಗೋಡೆಗೂ ಹಂಚಬೇಕು.

ಬೆರಳೆಣಿಕೆ ಅಂದದ್ದು ಉತ್ಪ್ರೇಕ್ಷೆ ಅಲ್ಲ. ಕೊನೆಯ ಚಕ್ರವರ್ತಿ 11ನೇ ಕಾನ್‌ಸ್ಟಂಟೈನ್ ತನ್ನ ಆಪ್ತ ಸ್ಫ್ರಾಂಟ್ಸೆಸ್ ಹತ್ರ ಊರಲ್ಲಿ ಆಯುಧ ಹಿಡಿಯಬಲ್ಲ ಗಂಡಸರು ಎಷ್ಟು ಲೆಕ್ಕ ಮಾಡು ಅಂದ. ಲೆಕ್ಕ ಬಂತು, 4,773 ಗ್ರೀಕರು. ಚಕ್ರವರ್ತಿ ಆ ಚೀಟಿ ನೋಡಿ, ಇದು ನಮ್ಮಿಬ್ಬರಲ್ಲೇ ಇರಲಿ ಅಂದನಂತೆ. ಆ ಸ್ಫ್ರಾಂಟ್ಸೆಸನೇ ಬರೆದಿಟ್ಟದ್ದು ಇದು. ವೆನಿಸ್, ಜಿನೋವಾದಿಂದ ಬಂದವರು ಬೇರೆ, ಅವರಲ್ಲಿ ಜುಸ್ಟಿನಿಯಾನಿ ಅಂತ ಒಬ್ಬ ಜಿನೋವಾದ ಸೇನಾನಿ 700 ಜನ ಕರ್ಕೊಂಡು ಬಂದಿದ್ದ. ಎಲ್ಲ ಕೂಡಿಸಿದ್ರೂ ಸುಮಾರು 7,000. ಭೂಮಿ ಕಡೆಯ ಗೋಡೆಯೇ ಹತ್ತಿರ ಹತ್ತಿರ 6 ಕಿಲೋಮೀಟರ್, ಅದೂ ಎರಡು ಸಾಲು, ಎದುರು ಕಂದಕ. ಥಿಯೋಡೋಸಿಯಸ್ ಕಾಲದಲ್ಲಿ, 5ನೇ ಶತಮಾನದ ಶುರುವಿಗೆ ಕಟ್ಟಿದ್ದು, ಸಾವಿರ ವರ್ಷ ಆ ಗೋಡೆ ಒಡೆದು ಯಾರೂ ಒಳಗೆ ಬಂದಿರಲಿಲ್ಲ. 1204ರಲ್ಲಿ ಊರು ಲೂಟಿಯಾದದ್ದು ಕ್ರುಸೇಡಿಗೆ ಹೊರಟ ಕ್ರೈಸ್ತರಿಂದಲೇ, ಅದೂ ಸಮುದ್ರದ ಬದಿಯಿಂದ.

ಫಿರಂಗಿ ಬಗ್ಗೆ ಕಾರ್ಕಳದಿಂದ ಇನ್ನೊಬ್ಬರು ಕೇಳಿದ್ದಾರೆ, ಇಲ್ಲೇ ಹೇಳ್ತೇನೆ. ಅದನ್ನು ಎರಕ ಹೊಯ್ದವನು ಉರ್ಬಾನ್ ಅಂತ, ಹಂಗೇರಿ ಕಡೆಯವನು. ಮೊದಲು ಹೋದದ್ದು ಕ್ರೈಸ್ತ ಚಕ್ರವರ್ತಿ ಹತ್ರವೇ. ಅಲ್ಲಿ ಸಂಬಳ ಸರಿಯಾಗಿ ಕೊಡ್ಲಿಕ್ಕೆ ದುಡ್ಡಿಲ್ಲ, ಎರಕಕ್ಕೆ ಲೋಹವೂ ಇಲ್ಲ. ಸೀದಾ ಮೆಹಮದ್ ಹತ್ರ ಹೋದ. ಈ ಗೋಡೆ ಒಡೆಯುವ ಫಿರಂಗಿ ಮಾಡ್ತೀಯಾ ಅಂತ ಅವನು ಕೇಳಿದ್ದಕ್ಕೆ, ಗೋಡೆ ನಾನು ನೋಡಿದ್ದೇನೆ, ಒಡೆಯುವ ಹಾಗೆ ಮಾಡಿ ಕೊಡ್ತೇನೆ ಅಂದ, ಕೇಳಿದ್ದಕ್ಕಿಂತ ಹೆಚ್ಚೇ ದುಡ್ಡು ಸಿಕ್ಕಿತು. ಎಡಿರ್ನೆಯಲ್ಲಿ ಎರಕ ಹೊಯ್ದ ದೊಡ್ಡ ಫಿರಂಗಿಯನ್ನು ಎಳೆಯಲಿಕ್ಕೆ 60 ಎತ್ತು, ಮಗುಚದ ಹಾಗೆ ಎರಡೂ ಬದಿ ಹಿಡಿದು ನಡೆಯಲಿಕ್ಕೆ ಜನ, ಮುಂದೆ ಮುಂದೆ ರಸ್ತೆ ಸಮ ಮಾಡ್ತಾ ಮರದ ಸೇತುವೆ ಹಾಕ್ತಾ ಹೋಗ್ಲಿಕ್ಕೆ ಬಡಗಿಗಳ ಒಂದು ತಂಡ. ಕಲ್ಲಿನ ಗುಂಡೇ ಒಂದೊಂದು ಐನೂರು ಕೆಜಿ ಮೇಲೆ. ಒಂದು ಸಲ ಹೊಡೆದ್ರೆ ಕಾದ ಲೋಹ ತಣಿಯಬೇಕು, ಹಾಗಾಗಿ ದಿನಕ್ಕೆ ಏಳು ಸಲ ಹೊಡೆದ್ರೆ ಹೆಚ್ಚು.

ನನಗೆ ಫಿರಂಗಿಗಿಂತ ಇಷ್ಟ ಆದದ್ದು ಒಳಗಿನವರ ಉತ್ತರ. ಹಗಲು ಗೋಡೆ ಕುಸಿದಲ್ಲಿ ರಾತ್ರಿ ಹೆಂಗಸರು ಮಕ್ಕಳೂ ಸೇರಿ ಕಲ್ಲು ಮಣ್ಣು ಹೊತ್ತು, ಮರದ ಗೂಟ ನೆಟ್ಟು, ಮಣ್ಣು ತುಂಬಿದ ಪೀಪಾಯಿ ಸಾಲಾಗಿ ಇಟ್ಟು ತಡೆ ಕಟ್ತಿದ್ರು. ಗುಂಡು ಕಲ್ಲಿಗೆ ಬಡಿದ್ರೆ ಕಲ್ಲು ಚೂರು, ಸಡಿಲ ಮಣ್ಣಿಗೆ ಬಡಿದ್ರೆ ಅಲ್ಲೇ ಹೂತು ಕೂತ್ಕೊಳ್ತದೆ. ಹೀಗೆ 53 ದಿನ ತಡೆದ್ರು! ಕೊನೆಗೆ ಮೇ 29 ಬೆಳಗಾಗುವ ಮೊದಲೇ ನುಗ್ಗಿದ ಮೂರನೇ ಅಲೆಯಲ್ಲಿ ಜುಸ್ಟಿನಿಯಾನಿಗೆ ಗಾಯ ಆಯ್ತು, ಅವನನ್ನು ಹಿಂದೆ ಹೊತ್ಕೊಂಡು ಹೋಗುದು ನೋಡಿ ಅವನ ಜನ ಕಂಗಾಲು, ಅಲ್ಲಿಗೆ ಮುಗೀತು. ಯಾರೋ ಒಂದು ಸಣ್ಣ ಬಾಗಿಲು ಹಾಕಲಿಕ್ಕೆ ಮರೆತದ್ದು ಅಂತ ಹೇಳುವ ಕಥೆ ಇದೆಯಲ್ಲ, ಅದನ್ನು ಬರೆದವನು ಡೂಕಾಸ್ ಅನ್ನುವ ಗ್ರೀಕ್ ಇತಿಹಾಸಕಾರ ಒಬ್ಬನೇ, ಅವನು ಆ ದಿನ ಊರಲ್ಲೇ ಇರಲಿಲ್ಲ. ನಾನು ಅದನ್ನು ನಂಬುವ ಪೈಕಿ ಅಲ್ಲ.

ಆಗ ಗ್ರಹಣ ಹಿಡಿದಿತ್ತಂತೆ, ಅದಕ್ಕೇ ಸೋತದ್ದಂತೆ ಹೌದಾ? — ಪುತ್ತೂರು

ಗ್ರಹಣ ಹೌದು. ಮೇ 22ರ ರಾತ್ರಿ ಪಾರ್ಶ್ವ ಚಂದ್ರಗ್ರಹಣ, ಈಗಿನ ಲೆಕ್ಕದಲ್ಲೂ ಸರಿ ಬರ್ತದೆ. ವೆನಿಸಿನ ಹಡಗಿನ ಡಾಕ್ಟರ್ ನಿಕೊಲೊ ಬಾರ್ಬರೊ ಡೈರಿಯಲ್ಲಿ ಬರೆದಿದ್ದಾನೆ, ಹುಣ್ಣಿಮೆ ಚಂದ್ರ ತುಂಬಿ ಬರ್ಬೇಕಿತ್ತು, ಮೂರು ದಿನದ ಚಂದ್ರನ ಹಾಗೆ ಬಂತು ಅಂತ. ಒಳಗಿನವರು ಹೆದರಿದ್ದೂ ಹೌದು. ಸೋತದ್ದು ಮಾತ್ರ ಜನ ಇಲ್ಲದೆ, ಸಹಾಯಕ್ಕೆ ಹಡಗು ಬಾರದೆ. ಊರು ಬಿದ್ದ ಮೇ 29 ಮಂಗಳವಾರ, ಗ್ರೀಕರು ಇವತ್ತಿಗೂ ಮಂಗಳವಾರ ಶುಭಕಾರ್ಯ ಶುರು ಮಾಡ್ಲಿಕ್ಕೆ ಹಿಂದೆಮುಂದೆ ನೋಡ್ತಾರೆ, ನಮ್ಮಲ್ಲೂ ಎಷ್ಟೋ ಮನೆಯಲ್ಲಿ ಹಾಗೇ ಅಲ್ವಾ, ಕಾರಣ ಮಾತ್ರ ಬೇರೆ.

ಇಂಗ್ಲೆಂಡ್ ಫ್ರಾನ್ಸಿನ ನೂರು ವರ್ಷದ ಯುದ್ಧ ಮುಗಿದದ್ದೂ 1453ರಲ್ಲೇ. ಎರಡಕ್ಕೂ ಸಂಬಂಧ ಉಂಟಾ? — ನಿವೃತ್ತ ಉಪನ್ಯಾಸಕರು, ಮಣಿಪಾಲ

ನೇರ ಸಂಬಂಧ ಎಂತದ್ದೂ ಇಲ್ಲ ಸರ್. ಎರಡು ಕಡೆಯೂ ಫಿರಂಗಿ ಕೆಲಸ ಮಾಡಿತು ಅನ್ನುವುದು ಒಂದು ಬಿಟ್ರೆ.

ಜುಲೈ 17, ಬೋರ್ಡೋ ಊರಿನ ಪೂರ್ವಕ್ಕೆ ಕಾಸ್ತಿಯೋನ್. ಫ್ರೆಂಚರ ಫಿರಂಗಿ ಮೇಸ್ತ್ರಿ ಜಾನ್ ಬ್ಯೂರೋ ಅನ್ನುವವನು ಕಂದಕ ತೋಡಿಸಿ, ಮಣ್ಣಿನ ದಿಬ್ಬ ಎಬ್ಬಿಸಿ, ಅದರ ಮೇಲೆ ಸಾಲಾಗಿ ತೋಪು ಇಡಿಸಿದ್ದ. ಇಂಗ್ಲಿಷರ ಕಡೆ ಮುದುಕ ಜಾನ್ ಟಾಲ್ಬಟ್, ಅರವತ್ತು ದಾಟಿದವನು, ಜೀವನ ಪೂರ್ತಿ ಯುದ್ಧ ಮಾಡಿ ಹೆಸರು ಮಾಡಿದವನು. ಫ್ರೆಂಚ್ ಶಿಬಿರದಿಂದ ಧೂಳು ಏಳುದು ಕಂಡಿತು, ಓಡಿ ಹೋಗ್ತಿದ್ದಾರೆ ಅಂತ ಹೇಳಿದ್ರು, ನಿಜಕ್ಕೆ ಅದು ಜಾಗ ಮಾಡ್ಲಿಕ್ಕೆ ಹಿಂದೆ ಕಳಿಸಿದ ಕುದುರೆಗಳ ಧೂಳು. ಟಾಲ್ಬಟ್ ಹಿಂದಿನ ಪೂರ್ತಿ ಸೈನ್ಯ ಬಂದು ಮುಟ್ಟುವ ಮೊದಲೇ ನುಗ್ಗಿದ. ಹಿಂದೊಮ್ಮೆ ಸೆರೆಯಿಂದ ಬಿಡುವಾಗ ಫ್ರೆಂಚ್ ರಾಜನ ವಿರುದ್ಧ ಇನ್ನು ಕವಚ ತೊಡುವುದಿಲ್ಲ ಅಂತ ಮಾತು ಕೊಟ್ಟಿದ್ದನಂತೆ, ಹಾಗೆ ಮೈಮೇಲೆ ಕವಚ ಇಲ್ಲ. ತೋಪಿನ ಗುಂಡು ಬಡಿದು ಕುದುರೆ ಬಿತ್ತು, ಇವನು ಅದರ ಅಡಿಯಲ್ಲಿ ಸಿಕ್ಕಿಬಿದ್ದ, ಕೊಡಲಿ ಏಟಿಗೆ ಸತ್ತ. ಅಕ್ಟೋಬರ್ 19ಕ್ಕೆ ಬೋರ್ಡೋ ಶರಣಾಯ್ತು, 300 ವರ್ಷ ಇಂಗ್ಲೆಂಡ್ ರಾಜರ ಹತ್ರ ಇದ್ದ ಊರು, ವೈನ್ ವ್ಯಾಪಾರವೇ ಅದರ ಜೀವ.

ಆದ್ರೆ ಯುದ್ಧ ಮುಗೀತು ಅಂತ ಯಾರೂ ಡಂಗುರ ಸಾರಲಿಲ್ಲ. ಒಪ್ಪಂದ ಇಲ್ಲ, ಸಹಿ ಇಲ್ಲ. ಕ್ಯಾಲೆ ಬಂದರು 1558ರವರೆಗೂ ಇಂಗ್ಲಿಷರ ಹತ್ರವೇ. ಇಂಗ್ಲೆಂಡಿನ ರಾಜ 6ನೇ ಹೆನ್ರಿ ಆ ಆಗಸ್ಟಿನಲ್ಲಿ ಇದ್ದಕ್ಕಿದ್ದ ಹಾಗೆ ಮಾತು ಬಿಟ್ಟು, ಯಾರ ಗುರುತೂ ಹಿಡಿಯದೆ ಕೂತುಬಿಟ್ಟ, ಅಕ್ಟೋಬರ್ 13ಕ್ಕೆ ಹುಟ್ಟಿದ ತನ್ನ ಸ್ವಂತ ಮಗನನ್ನು ತಂದು ಎದುರು ಹಿಡಿದ್ರೂ ಇಲ್ಲ. ಸರಿಯಾದದ್ದು ಮರುವರ್ಷ ಕ್ರಿಸ್ಮಸ್ ಹೊತ್ತಿಗೆ. ಆ ಒಂದೂವರೆ ವರ್ಷದಲ್ಲಿ ಆಸ್ಥಾನದಲ್ಲಿ ಎದ್ದ ಜಗಳವೇ 1455ಕ್ಕೆ ಗುಲಾಬಿ ಯುದ್ಧ, ಅಂದ್ರೆ ಇಂಗ್ಲೆಂಡಿನ ಸಿಂಹಾಸನಕ್ಕೆ ಅವರವರೊಳಗೇ ನಡೆದ ಯುದ್ಧ ಆಯ್ತು. ಫ್ರಾನ್ಸಿಗೆ ಪುನಃ ಹೋಗುವ ಯೋಚನೆ ಮಾಡ್ಲಿಕ್ಕೂ ಪುರುಸೊತ್ತಿಲ್ಲ. ಮುಗಿದದ್ದು 1453ರಲ್ಲಿ ಅಂತ ಹೇಳಿದವರು ಆಮೇಲಿನ ಇತಿಹಾಸಕಾರರು, ಬೋರ್ಡೋದಲ್ಲಿ ವೈನ್ ಮಾರ್ತಿದ್ದವನಿಗೆ ಮುಂದಿನ ವರ್ಷ ಇಂಗ್ಲಿಷರು ಪುನಃ ಬಂದ್ರೂ ಬಂದಾರು ಅಂತಲೇ ಇತ್ತು.

ಗ್ರೀಕ್ ಪಂಡಿತರು ಪುಸ್ತಕ ಹಿಡ್ಕೊಂಡು ಇಟಲಿಗೆ ಓಡಿ ಬಂದದ್ದರಿಂದ ರಿನೈಸಾನ್ಸ್ ಶುರು ಆಯ್ತಂತಲ್ಲ? — ಬಂಟ್ವಾಳ

ಸ್ವಲ್ಪ ಮಾತ್ರ ಸರಿ. ಫ್ಲಾರೆನ್ಸಿನಲ್ಲಿ ಕ್ರಿಸೊಲೊರಾಸ್ ಅನ್ನುವ ಗ್ರೀಕ್ ಪಂಡಿತ ಗ್ರೀಕ್ ಪಾಠ ಶುರು ಮಾಡಿದ್ದು 1397ರಲ್ಲಿ. ಬೆಸ್ಸಾರಿಯೋನ್ ಅನ್ನುವ ಗ್ರೀಕ್ ಧರ್ಮಗುರು ಇಟಲಿಗೆ ಬಂದು ಕಾರ್ಡಿನಲ್ ಆದದ್ದು 1439ರಲ್ಲಿ. ಅಂದ್ರೆ ಬರುವವರು ಮೊದಲೇ ಬಂದಿದ್ರು. 1453ರ ಮೇಲೆ ಇನ್ನಷ್ಟು ಜನ ಬಂದ್ರು, ಬೆಸ್ಸಾರಿಯೋನ್ ಗಾಬರಿಯಲ್ಲಿ ಎಲ್ಲ ಕಡೆಯಿಂದ ಹಸ್ತಪ್ರತಿ ಒಟ್ಟು ಮಾಡಿಸಿ 1468ರಲ್ಲಿ ವೆನಿಸಿಗೆ ಕೊಟ್ಟ, ಅದು ಇವತ್ತಿಗೂ ಅಲ್ಲಿನ ಲೈಬ್ರರಿಯಲ್ಲಿ ಉಂಟು.

ಗುಟೆನ್‌ಬರ್ಗ್ ಪ್ರೆಸ್ ಕೂಡ ಅದೇ ವರ್ಷವಾ? — ಪ್ರಿಂಟಿಂಗ್ ಪ್ರೆಸ್ ನಡೆಸುವವರು, ಬಲ್ಮಠ

ನಿಮ್ಮ ಏರಿಯಾದಿಂದಲೇ ಈ ಪ್ರಶ್ನೆ ಬಂದದ್ದು ಖುಷಿ, ಮೋಗ್ಲಿಂಗ್ ಅವರ "ಮಂಗಳೂರ ಸಮಾಚಾರ" 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟದ್ದು ಮಂಗಳೂರಿಂದಲೇ ಅಲ್ವಾ. 1453ರಲ್ಲಿ ಗುಟೆನ್‌ಬರ್ಗ್ ಮೈನ್ಸ್ ಊರಲ್ಲಿ ಬೈಬಲಿನ ಕೆಲಸದಲ್ಲಿ ಮುಳುಗಿದ್ದ, ಫುಸ್ಟ್ ಅನ್ನುವವನಿಂದ 800 ಗಿಲ್ಡರ್ ಸಾಲ, ಮೇಲೆ ಪುನಃ 800. ಬೈಬಲ್ ಮುಗಿಯುವಾಗ 1455 ಹತ್ರ ಬಂತು, ಸಾಲದ ಕೇಸೂ ಅದೇ ವರ್ಷ. ಪ್ರೆಸ್ ನಡೆಸುವ ನಿಮಗೆ ಇದನ್ನು ನಾನು ಬಿಡಿಸಿ ಹೇಳುದು ಬೇಡ.

ಕಾನ್‌ಸ್ಟಾಂಟಿನೋಪಲ್‌ಗೆ ಇದಕ್ಕೆ ಕೊಂಡಿ ಉಂಟು ನೋಡಿ. ತಾರೀಖು ಸಮೇತ ನಮಗೆ ಸಿಗುವ ಅತಿ ಹಳೆಯ ಯುರೋಪಿಯನ್ ಅಚ್ಚುಗಳಲ್ಲಿ 1454ರ ಪಾಪಕ್ಷಮೆ ಪತ್ರಗಳು ಬರ್ತವೆ, ತುರ್ಕರಿಂದ ಸೈಪ್ರಸ್ ಕಾಯಲಿಕ್ಕೆ ಚಂದಾ ಎತ್ತಲು ಹೊಡೆದದ್ದು. ಹೆಸರು, ದಿನ ಬರೆಯಲಿಕ್ಕೆ ಜಾಗ ಖಾಲಿ ಬಿಟ್ಟು, ನಮ್ಮ ರಶೀದಿ ಪುಸ್ತಕದಂಥದ್ದೇ. ಅದರ ಬೆನ್ನಿಗೆ 1455ರ ಇಸವಿಗೆ ಅಂತ ಒಂದು ಜರ್ಮನ್ ಕ್ಯಾಲೆಂಡರ್, ತಿಂಗಳು ತಿಂಗಳಿಗೂ ಒಬ್ಬೊಬ್ಬ ದೊರೆಯನ್ನು ಕರೆದು ತುರ್ಕರ ಮೇಲೆ ಏಳಿ ಅಂತ ಹೇಳುವ ಪದ್ಯ. ದೊರೆಗಳು ಎದ್ದರಾ ಅಂತ ಕೇಳ್ಬೇಡಿ. 1454ರ ಫೆಬ್ರವರಿಯಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಲೀಲ್ ಊರಲ್ಲಿ ಭಾರೀ ಔತಣ ಹಾಕಿ, ಬದುಕಿರುವ ಒಂದು ಫೆಸೆಂಟ್ ಹಕ್ಕಿ ತರಿಸಿ ಅದರ ಎದುರು ಕ್ರುಸೇಡಿಗೆ ಹೋಗ್ತೇನೆ ಅಂತ ಆಣೆ ಮಾಡಿದ. ಹೋಗಲಿಲ್ಲ.

ನಮ್ಮ ಬಾರ್ಕೂರು, ಮಂಗಳೂರು ಆಗ ಹೇಗಿತ್ತು? — ಬ್ರಹ್ಮಾವರ

ವಿಜಯನಗರದ ಆಳ್ವಿಕೆ, ಹಂಪಿಯಲ್ಲಿ ಮಲ್ಲಿಕಾರ್ಜುನ ರಾಯ. ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ವಿಭಾಗ, ಎರಡಕ್ಕೂ ಅಧಿಕಾರಿಗಳು, ಅದರ ಅಡಿಯಲ್ಲಿ ಊರೂರಿನ ಅರಸರು. ಹತ್ತು ವರ್ಷ ಹಿಂದೆ, 1443ರಲ್ಲಿ, ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಸಮುದ್ರದಲ್ಲಿ ಮಂಗಳೂರಿಗೆ ಬಂದು ಇಳಿದು, ಇಲ್ಲಿಂದ ಘಟ್ಟ ಹತ್ತಿ ಹಂಪಿಗೆ ಹೋದ. ಮಂಗಳೂರಿನ ಹತ್ತಿರ ಪೂರ್ತಿ ಹಿತ್ತಾಳೆಯಲ್ಲಿ ಎರಕ ಹೊಯ್ದ ಹಾಗಿರುವ ದೇವಸ್ಥಾನ ನೋಡಿ ಬೆರಗಾಗಿ ಬರೆದಿದ್ದಾನೆ. ವೆನಿಸ್ ಕಡೆಯ ವ್ಯಾಪಾರಿ ನಿಕೊಲೊ ಕೊಂಟಿ ಅದಕ್ಕಿಂತ ಮೊದಲೇ ವಿಜಯನಗರ ನೋಡಿ ಹೋಗಿದ್ದ, ಅವನ ಕಥೆಯನ್ನು ಪೋಪನ ಕಾರ್ಯದರ್ಶಿಯೇ ಕೂತು ಬರೆದುಕೊಂಡ. ಅಂದ್ರೆ ಯುರೋಪಿನವರಿಗೆ ನಮ್ಮ ಕಡೆಯ ಸುದ್ದಿ ಇತ್ತು.

ಸೇಂಟ್ ಮೇರೀಸ್ ದ್ವೀಪಕ್ಕೆ ಗಾಮ ಬಂದು ಶಿಲುಬೆ ನೆಟ್ಟ ಅಂತ ಮಲ್ಪೆಯಲ್ಲಿ ಬೋಟು ಹತ್ತಿಸುವವರು ಹೇಳ್ತಾರಲ್ಲ, ಅದು ಇನ್ನೂ 45 ವರ್ಷ ಆಚೆಯ ಮಾತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದದ್ದರಿಂದ ಬಸ್ರೂರಿನ ಸೆಟ್ಟರ ಒಂದು ಮೂಟೆ ಅಕ್ಕಿಯೂ ಮಾರಾಟ ಆಗದೆ ಉಳಿದಿರಲಿಕ್ಕಿಲ್ಲ.

ಮಗ ದುಬೈಯಿಂದ ಇಸ್ತಾಂಬುಲ್ ಟೂರ್ ಬುಕ್ ಮಾಡಿದ್ದಾನೆ. ಇದೆಲ್ಲ ಈಗ ನೋಡ್ಲಿಕ್ಕೆ ಸಿಗ್ತದಾ? — ಕಾಪು

ಸಿಗ್ತದೆ. ಭೂಮಿ ಕಡೆಯ ಗೋಡೆ ಉದ್ದಕ್ಕೂ ಉಂಟು, ಕೆಲವು ಕಡೆ ರಿಪೇರಿ ಮಾಡಿದ್ದು, ಕೆಲವು ಕಡೆ ಕುಸಿದದ್ದು ಹಾಗೇ, ಬುಡದ ಕಂದಕದಲ್ಲಿ ತರಕಾರಿ ಬೆಳೆಸುವವರೂ ಇದ್ದಾರೆ. ಟೂರ್ ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ, ಬೇರೆ ಕೇಳಿ. ಬಾಸ್ಫರಸ್ ಬೋಟಿನಲ್ಲಿ ಹೋಗುವಾಗ ಯುರೋಪ್ ಬದಿಯಲ್ಲಿ ಕಾಣುವ ಕೋಟೆ ರುಮೇಲಿ ಹಿಸಾರ್, ಮುತ್ತಿಗೆಗೆ ತಯಾರಿಯಾಗಿ ಮೆಹಮದ್ 1452ರಲ್ಲಿ ಕೆಲವೇ ತಿಂಗಳಲ್ಲಿ ಎಬ್ಬಿಸಿದ್ದು. ಅಳಿವೆಗೆ ಕಟ್ಟಿದ್ದ ಸರಪಳಿಯ ತುಂಡುಗಳು ಅಲ್ಲಿನ ಮಿಲಿಟರಿ ಮ್ಯೂಸಿಯಮ್ಮಿನಲ್ಲಿ ಉಂಟು. ಹಾಗಿಯಾ ಸೋಫಿಯಾ 1453ರಲ್ಲಿ ಮಸೀದಿ ಆದದ್ದು, ಇಪ್ಪತ್ತನೇ ಶತಮಾನದಲ್ಲಿ ಮ್ಯೂಸಿಯಂ ಆಗಿ 2020ಕ್ಕೆ ಪುನಃ ಮಸೀದಿ, ನಮಾಜಿನ ಹೊತ್ತು ನೋಡಿ ಹೋಗಿ, ತಲೆಗೆ ಹಾಕ್ಲಿಕ್ಕೆ ಶಾಲು ಇಟ್ಕೊಳ್ಳಿ.

ಉರ್ಬಾನನ ಫಿರಂಗಿ ಮಾತ್ರ ಹುಡುಕ್ಬೇಡಿ, ಇಲ್ಲ. ಅದೇ ಜಾತಿಯ 1464ರದ್ದು ಒಂದು, ಎರಡು ತುಂಡು ಮಾಡಿ ತಿರುಪಿ ಜೋಡಿಸುವ ಹಾಗಿನ ಕಂಚಿನದ್ದು, ಸುಲ್ತಾನರು 1866ರಲ್ಲಿ ವಿಕ್ಟೋರಿಯಾ ರಾಣಿಗೆ ಗಿಫ್ಟ್ ಕೊಟ್ಟಿದ್ದಾರೆ. ಅದು ಈಗ ಇಂಗ್ಲೆಂಡಿನಲ್ಲಿ, ಪೋರ್ಟ್ಸ್‌ಮತ್ ಹತ್ತಿರದ ಫೋರ್ಟ್ ನೆಲ್ಸನ್ನಿನಲ್ಲಿ ಉಂಟು.